ಮಿತ್ರರಾಷ್ಟ್ರದ ಯುದ್ಧವೂ ಪ್ರಜೆಗಳ ಸಭೆಯೂ

ರಾಷ್ಟ್ರಗಳು ಪರಸ್ಪರ ರಕ್ಷಣೆಗಾಗಿ ಮಾಡಿಕೊಳ್ಳುವ ಕೌಲುಗಳನ್ನು ಓದುವ ತಾಳ್ಮೆ ಬಹುಜನರಿಗಿರುವದಿಲ್ಲ. ಅವು ವಕೀಲರ ಭಾಷೆಯಲ್ಲಿರುತ್ತವೆ. ಕಲಮಿನ ಮೇಲೆ ಕಲಮು ಬರುತ್ತದೆ. ಶಾಂತಿ, ಸ್ವಾತಂತ್ರ್ಯ, ಸೌಹಾರ್ದ ಎಂಬ ದೊಡ್ಡ ಶಬ್ದಗಳು ಮೊದಲನೆಯ ಪುಟದಲ್ಲಿಯೇ ಓದುವವನನ್ನು ದಣಿಸಿಬಿಡುತ್ತವೆ. ಆದರೂ ಆ ಕಲಮುಗಳ ನಡುವೆ ಅಡಗಿಕೊಂಡಿರುವ ಒಂದು ಸಣ್ಣ ಮಾತನ್ನು ನಮ್ಮ ವಾಚಕರು, ಅದರಲ್ಲಿಯೂ ಶಾಲೆಗಳಲ್ಲಿ ಇತಿಹಾಸವನ್ನೂ ಪೌರನೀತಿಯನ್ನೂ ಕಲಿಸುವ ಶಿಕ್ಷಕರು, ಹುಡುಕಿ ನೋಡಬೇಕೆಂದು ನಾವು ಬಯಸುತ್ತೇವೆ. 1949ನೆಯ ಇಸವಿಯ ಏಪ್ರಿಲ್ 4ರಂದು ವಾಶಿಂಗ್ಟನ್ನಿನಲ್ಲಿ ಸಹಿಯಾದ ಉತ್ತರ ಅಟ್ಲಾಂಟಿಕ್ ಕೌಲಿನ 11ನೆಯ ಕಲಮಿನಲ್ಲಿ ಆ ಮಾತು ಇದೆ. 1951ರಲ್ಲಿ ಆಸ್ಟ್ರೇಲಿಯ, ನ್ಯೂಜಿಲಂಡ್, ಅಮೇರಿಕೆಗಳು ಮಾಡಿಕೊಂಡ ಕೌಲಿನಲ್ಲಿ ಇದೆ. 1954ರ ಸೆಪ್ಟೆಂಬರ್ 8ರಂದು ಮನಿಲಾ ಪಟ್ಟಣದಲ್ಲಿ ಸಹಿಯಾದ ಆಗ್ನೇಯ ಏಶಿಯದ ರಕ್ಷಣಾ ಕೌಲಿನಲ್ಲಿಯೂ ಇದೆ. ಅಪಾಯ ಬಂದೊದಗಿದಾಗ ಪ್ರತಿಯೊಂದು ರಾಷ್ಟ್ರವೂ ತನ್ನ ತನ್ನ ರಾಜ್ಯಘಟನೆಯ ಕ್ರಮಕ್ಕೆ ಅನುಸಾರವಾಗಿ ನಡೆದುಕೊಳ್ಳತಕ್ಕದ್ದೆಂಬದೇ ಆ ಮಾತು.

ಇದನ್ನು ಅಮೇರಿಕೆಯ ಸೆನೆಟ್ ಸಭೆಯವರು ಹಟ ಹಿಡಿದು ಹಾಕಿಸಿದರು. ಯುದ್ಧ ಸಾರುವ ಅಧಿಕಾರವು ಆ ದೇಶದಲ್ಲಿ ಕಾಂಗ್ರೆಸ್ಸಿನದು (ಅವರ ಶಾಸನಸಭೆಗೆ ಆ ಹೆಸರು). ಒಂದು ಕೌಲಿನ ಸಹಿಯಿಂದ ಅದು ಕೈಬಿಟ್ಟು ಹೋಗಬಾರದೆಂಬದು ಅವರ ಎಣಿಕೆಯಾಗಿತ್ತು. ಅರ್ಥ ಸ್ಪಷ್ಟವಾಗಿದೆ. ಮಿತ್ರನ ಯುದ್ಧವು ತಾನಾಗಿಯೇ ನಮ್ಮ ಯುದ್ಧವಾಗುವದಿಲ್ಲ. ನಮ್ಮ ಮನೆಯವರು ಕೂತು ವಿಚಾರಿಸಿ ಹೌದೆಂದ ಮೇಲೆ ಆಗುತ್ತದೆ. ಆದರೆ ಈ ವಿಚಾರಣೆಯು ದಂಡು ಹಡಗು ಹತ್ತುವದಕ್ಕೆ ಮುಂಚೆ ನಡೆದರೆ ಮಾತ್ರ ಆ ಕಲಮಿಗೆ ಜೀವವಿದೆ. ಹತ್ತಿದ ಮೇಲೆ ನಡೆಯುವ ಚರ್ಚೆ ಮದುವೆಯಾದ ಮೇಲೆ ಜಾತಕ ನೋಡಿದಂತೆ. ಈ ಭೇದವನ್ನು ತಿಳಿಯಲು 1965ನೆಯ ಇಸವಿಯ ಆಸ್ಟ್ರೇಲಿಯದ ವೃತ್ತಾಂತಕ್ಕಿಂತ ಒಳ್ಳೆಯ ಪಾಠ ನಮಗೆ ಕಾಣುವದಿಲ್ಲ.

ಮನಿಲಾ ಕೌಲಿಗೆ ಸಹಿ ಮಾಡಿದವರು ಎಂಟು ರಾಷ್ಟ್ರದವರು: ಅಮೇರಿಕೆ, ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯ, ನ್ಯೂಜಿಲಂಡ್, ಫಿಲಿಪ್ಪೀನ್ಸ್, ಥಾಯ್ಲಂಡ್, ಪಾಕಿಸ್ತಾನ. ಆಗ್ನೇಯ ಏಶಿಯದ ರಕ್ಷಣೆಗೆಂದು ಕಟ್ಟಿದ ಕೂಟದಲ್ಲಿ ಆಗ್ನೇಯ ಏಶಿಯದ ರಾಷ್ಟ್ರಗಳು ಎರಡೇ ಎರಡು! ನೆಹರೂ ಅವರು ಅದೇ ತಿಂಗಳಲ್ಲಿ ಲೋಕಸಭೆಯಲ್ಲಿ ಈ ಕೂಟವನ್ನು ಆಕ್ಷೇಪಿಸಿದರು. ಜಿನೀವಾದಲ್ಲಿ ಆಗ ತಾನೆ ಕಷ್ಟದಿಂದ ಕೂಡಿಬಂದ ಶಾಂತಿಗೆ ಇದರಿಂದ ಭಂಗವೆಂದೂ, ತಮ್ಮದಲ್ಲದ ನೆಲದ ರಕ್ಷಣೆಯನ್ನು ಪರರು ತಾವಾಗಿಯೇ ತಮ್ಮ ಮೇಲೆ ತೆಗೆದುಕೊಳ್ಳುವದು ಸರಿಯಲ್ಲವೆಂದೂ ಅವರ ವಾದದ ಸಾರವಾಗಿತ್ತು. ವಿಯೆಟ್ನಾಮಿನ ಸಹಿ ಕೌಲಿನಲ್ಲಿರಲಿಲ್ಲ, ಇರುವಂತೆಯೂ ಇರಲಿಲ್ಲ. ಏಕೆಂದರೆ ಜಿನೀವಾ ಒಪ್ಪಂದದಂತೆ ಆ ದೇಶದ ಎರಡು ಭಾಗಗಳೂ ಯಾವ ಸೈನಿಕ ಕೂಟವನ್ನೂ ಸೇರಕೂಡದು. ಆ ಒಪ್ಪಂದವು ಪಾಲಿಸಲ್ಪಡುತ್ತದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ಅಂತರರಾಷ್ಟ್ರೀಯ ಮಂಡಲಿಗೆ ನಮ್ಮ ದೇಶವೇ ಅಧ್ಯಕ್ಷಸ್ಥಾನದಲ್ಲಿತ್ತು. ಕೆನಡಾ, ಪೋಲಂಡುಗಳು ಉಳಿದ ಇಬ್ಬರು ಸದಸ್ಯರು. ಆದುದರಿಂದ ಮನಿಲಾದವರು ಕೌಲಿಗೆ ಒಂದು ಪುರವಣಿಯನ್ನು ಹೊಲಿದರು: ಕಾಂಬೋಡಿಯ, ಲಾವೋಸ್, ವಿಯೆಟ್ನಾಮಿನ ದಕ್ಷಿಣ ಭಾಗ ಇವುಗಳ ಮೇಲೆ ಆಕ್ರಮಣವಾದರೂ ಅದು ತಮ್ಮ ಶಾಂತಿಗೆ ಬಂದ ಗಂಡಾಂತರವೆಂದು ಬರೆದರು. ಆ ಸರಕಾರಗಳ ಆಮಂತ್ರಣವಿಲ್ಲದೆ, ಇಲ್ಲವೆ ಸಮ್ಮತಿಯಿಲ್ಲದೆ ಅಲ್ಲಿ ಕಾಲಿಡಕೂಡದೆಂದೂ ಬರೆದರು.

ಈ ಕೌಲಿನಂತೆ ಎಂಟು ರಾಷ್ಟ್ರಗಳು ಒಟ್ಟಿಗೆ ಕೂತು ವಿಯೆಟ್ನಾಮಿಗೆ ದಂಡು ಕಳಿಸುವ ನಿರ್ಣಯವನ್ನು ಎಂದಾದರೂ ಮಾಡಿದವೇ? ಮಾಡಲಿಲ್ಲ. ಫ್ರಾನ್ಸಿಗೆ ಆ ಯುದ್ಧವೇ ಬೇಡವಾಗಿತ್ತು. ಎಲ್ಲರೂ ಒಪ್ಪುವದು ಸಾಧ್ಯವಿಲ್ಲವೆಂದು ಕಂಡುಬಂದಾಗ ಹೊಸದೊಂದು ಅರ್ಥ ಹುಟ್ಟಿತು. 1962ರ ಮಾರ್ಚಿನಲ್ಲಿ ಅಮೇರಿಕೆಯ ವಿದೇಶಮಂತ್ರಿ ಡೀನ್ ರಸ್ಕ್ ಅವರೂ ಥಾಯ್ಲಂಡಿನ ವಿದೇಶಮಂತ್ರಿ ಥನತ್ ಖೋಮನ್ ಅವರೂ ಕೂಡಿ ಒಂದು ಪ್ರಕಟನೆ ಹೊರಡಿಸಿದರು: ಕೌಲಿನ ಹೊಣೆಯು ಸಾಮೂಹಿಕವಷ್ಟೇ ಅಲ್ಲ, ಒಂದೊಂದು ರಾಷ್ಟ್ರಕ್ಕೆ ಬಿಡಿಬಿಡಿಯಾಗಿಯೂ ಇದೆ, ಉಳಿದವರೆಲ್ಲರ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಎಂಟು ಸರಕಾರಗಳು ಸಹಿ ಮಾಡಿದ, ಅಮೇರಿಕೆಯ ಸೆನೆಟ್ಟು ಚರ್ಚಿಸಿ ಒಪ್ಪಿದ ಕೌಲಿನ ಅರ್ಥ ಇಬ್ಬರು ಮಂತ್ರಿಗಳ ಒಂದು ಪತ್ರಿಕಾ ಪ್ರಕಟನೆಯಿಂದ ಅಗಲವಾಯಿತು. ಆಸ್ಟ್ರೇಲಿಯದ ಪಾರ್ಲಿಮೆಂಟನ್ನು ಯಾರೂ ಕೇಳಲಿಲ್ಲ. ಅದೇ ವರ್ಷದ ನಡುವೆ ಆ ದೇಶದ ಸುಮಾರು 30 ಜನ ಸೈನಿಕ ಶಿಕ್ಷಕರು ವಿಯೆಟ್ನಾಮಿಗೆ ಹೋದರು.

ಮುಂದಿನದು ತಾರೀಖುಗಳ ಕಥೆ. 1964ರ ನವೆಂಬರಿನಲ್ಲಿ ಪ್ರಧಾನಿ ರಾಬರ್ಟ್ ಮೆಂಜಿಸ್ ಅವರ ಸರಕಾರವು 20 ವರ್ಷದ ತರುಣರಿಗೆ ಕಡ್ಡಾಯ ಸೈನ್ಯಸೇವೆಯ ಕಾಯದೆಯನ್ನು ತಂದಿತು. ಆಗ ಮುಂದೆ ಕಾಣುತ್ತಿದ್ದ ಭಯ ಬಹುಮಟ್ಟಿಗೆ ಇಂಡೋನೇಶಿಯದ್ದು. ಪಾರ್ಲಿಮೆಂಟು ಕಾಯದೆಗೆ ಒಪ್ಪಿಗೆಯಿತ್ತಿತು. ಆದರೆ ಯಾವ ರಣರಂಗಕ್ಕೆ ಎಂಬದು ಅದರಲ್ಲಿರಲಿಲ್ಲ. 1965ರ ಏಪ್ರಿಲ್ 7ರಂದು ಮಂತ್ರಿಮಂಡಲದ ಒಂದು ಸಮಿತಿಯು ವಿಯೆಟ್ನಾಮಿಗೆ ಒಂದು ಪಟಾಲಮು ಕಳಿಸಲು ಗುಟ್ಟಾಗಿ ನಿಶ್ಚಯಿಸಿತು. ಏಪ್ರಿಲ್ 29ರ ಬೆಳಿಗ್ಗೆ ಸುದ್ದಿ ಪತ್ರಿಕೆಗಳಲ್ಲಿ ಸೋರಿತು. ಅದೇ ದಿವಸ ರಾತ್ರಿ ಪ್ರಧಾನಿಯವರು ಸಭೆಯಲ್ಲಿ ಎದ್ದುನಿಂತು, ದಕ್ಷಿಣ ವಿಯೆಟ್ನಾಮಿನ ಸರಕಾರದಿಂದ ಸಹಾಯದ ಬೇಡಿಕೆ ಬಂದಿದೆ, ಅದಕ್ಕನುಸಾರವಾಗಿ ದಂಡು ಹೋಗುತ್ತದೆ ಎಂದು ಸಾರಿದರು. ವಿರೋಧಪಕ್ಷದ ಮುಂದಾಳು ಆ ಹೊತ್ತಿನಲ್ಲಿ ಸಭೆಯಲ್ಲಿರಲಿಲ್ಲ.

ಆ ಬೇಡಿಕೆಯ ಪತ್ರ ಬಂದದ್ದಾದರೂ ಎಂದು? ಸೈಗಾನಿನ ಪ್ರಧಾನಿ ಫಾನ್ ಹ್ಯೂ ಕ್ವಾಟ್ ಅವರ ಪತ್ರವು ಕ್ಯಾನ್‌ಬೆರಾವನ್ನು ಮುಟ್ಟಿದ್ದು ಘೋಷಣೆಗೆ ಕೆಲವೇ ತಾಸುಗಳ ಮೊದಲು. ನಿರ್ಣಯವಾಗಿ ಆಗಲೇ ಮೂರು ವಾರಗಳಾಗಿದ್ದವು. ಆಮಂತ್ರಣ ಬಂದುದರಿಂದ ಹೊರಟವರಲ್ಲ. ಹೊರಡುವದನ್ನು ನಿಶ್ಚಯಿಸಿ ಆಮಂತ್ರಣವನ್ನು ತರಿಸಿಕೊಂಡವರು. ಊಟಕ್ಕೆ ಕೂತ ಮೇಲೆ ಕರೆಯೋಲೆಯನ್ನು ಕೇಳುವ ಅತಿಥಿಗೆ ನಮ್ಮ ಹಳ್ಳಿಗಳಲ್ಲಿ ಏನೆನ್ನುತ್ತಾರೆಂಬದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ. ಈ ಪತ್ರವನ್ನು ಅಂದೇ ಸಭೆಯ ಮೇಜಿನ ಮೇಲಿರಿಸಿ, ಅದರ ಹಿಂದಿನ ಪತ್ರವ್ಯವಹಾರವನ್ನೂ ಇಡಿರೆಂದು ಸದಸ್ಯರು ಕೇಳುವ ಸಂದರ್ಭವಿದ್ದಿದ್ದರೆ ಈ ಸತ್ಯ 1965ರಲ್ಲಿಯೇ ಹೊರಬೀಳುತ್ತಿತ್ತು. ಕಡತಗಳು ತೆರೆಯಲು ಜನ ವರ್ಷಾನುವರ್ಷ ಕಾಯಬೇಕಾಯಿತು.

ಮೇ 4ರಂದು ವಿರೋಧಪಕ್ಷದ ಮುಂದಾಳು ಆರ್ಥರ್ ಕಾಲ್ವೆಲ್ ಉತ್ತರ ಕೊಟ್ಟರು. ಅವರು ಆಡಿದ ಮಾತಿಗೆ ಬಲವಿರಲಿಲ್ಲ, ಏಕೆಂದರೆ ಆ ಚರ್ಚೆಯಿಂದ ಏನೂ ಬದಲಾಗುವಂತಿರಲಿಲ್ಲ. ಆದರೂ ಓದಿ ನೋಡಿದರೆ ಆಶ್ಚರ್ಯವಾಗುತ್ತದೆ. ಈಗ ಹೋಗುವವರು ಖಾಯಂ ಸಿಪಾಯಿಗಳು, ಸುಮಾರು 800 ಜನ. ಆದರೆ ಈ ಯುದ್ಧದ ಹಸಿವು ಬೆಳೆಯುತ್ತ ಹೋಗುವದು, ಆಗ ಕಡ್ಡಾಯ ಸೇವೆಗೆ ಹಿಡಿದ ಹುಡುಗರನ್ನು ಅಲ್ಲಿಗೆ ಕಳಿಸುವ ದಿನ ಎಷ್ಟು ದೂರವಿದೆ ಎಂದು ಅವರು ಕೇಳಿದರು. ತಮ್ಮ ಈ ನಿಲುವು ಜನಕ್ಕೆ ಹಿಡಿಸುವದಿಲ್ಲವೆಂದೂ ತಮ್ಮ ಪಕ್ಷದವರನ್ನು ಎಚ್ಚರಿಸಿದರು. ಎರಡೂ ನಿಜವಾದವು. ಹತ್ತು ತಿಂಗಳ ಮೇಲೆ, 1966ರ ಮಾರ್ಚಿನಲ್ಲಿ, ಮೆಂಜಿಸ್ ಅವರ ಉತ್ತರಾಧಿಕಾರಿ ಹೆರಾಲ್ಡ್ ಹೋಲ್ಟ್ ಅವರು ಪಡೆಯನ್ನು 4,500ಕ್ಕೆ ಏರಿಸಿ, ಅದರಲ್ಲಿ ಕಡ್ಡಾಯ ಸೇವೆಯ ತರುಣರೂ ಇರುವರೆಂದು ಸಾರಿದರು. ಅದೇ ವರ್ಷದ ನವೆಂಬರಿನ ಚುನಾವಣೆಯಲ್ಲಿ ಕಾಲ್ವೆಲ್ಲರ ಪಕ್ಷವು ದೊಡ್ಡ ಸೋಲು ಸೋತಿತು.

ಆ ತರುಣರನ್ನು ಆರಿಸಿದ ರೀತಿಯನ್ನು ವಾಚಕರು ಕೇಳಬೇಕು. ತಿಂಗಳು, ತಾರೀಖುಗಳಿಗೆ ಒಂದೊಂದು ಗೋಲಿಯೆಂದು ಎಣಿಸಿ ಪೀಪಾಯಿಯಲ್ಲಿ ಹಾಕಿ ತಿರುಗಿಸುವರು. ಯಾವ ಹುಡುಗನ ಹುಟ್ಟಿದ ದಿನದ ಗೋಲಿ ಮೇಲೆ ಬಂತೋ ಅವನು ಎರಡು ವರ್ಷ ಸರಕಾರದವನು. 1965ರಿಂದ 1972ರ ವರೆಗೆ ಹೀಗೆ 63 ಸಾವಿರಕ್ಕೂ ಹೆಚ್ಚು ಜನ ದಂಡಿಗೆ ಸೇರಿದರು. 15 ಸಾವಿರಕ್ಕೂ ಹೆಚ್ಚು ಜನ ವಿಯೆಟ್ನಾಮನ್ನು ಕಂಡರು. ಸುಮಾರು 200 ಜನ ತಿರುಗಿ ಬರಲಿಲ್ಲ. ಖಾಯಂ ಸಿಪಾಯಿಗಳನ್ನೂ ಕೂಡಿಸಿದರೆ ಆ ಯುದ್ಧದಲ್ಲಿ ಮಡಿದ ಆಸ್ಟ್ರೇಲಿಯದವರು ಐನೂರಕ್ಕೂ ಹೆಚ್ಚು. ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಚುಚ್ಚುವ ಸಂಗತಿ ಒಂದಿದೆ. ಆ ದೇಶದಲ್ಲಿ ಮತ ಕೊಡುವ ವಯಸ್ಸು ಆಗ 21. ಅದು 18ಕ್ಕೆ ಇಳಿದದ್ದು 1973ರಲ್ಲಿ, ಯುದ್ಧಕ್ಕೆ ಹೋದವರೆಲ್ಲ ಮರಳಿದ ಮೇಲೆ. ಗೋಲಿಯೆತ್ತಿ ಹಿಡಿದ ಇಪ್ಪತ್ತು ವರ್ಷದ ಹುಡುಗನಿಗೆ ಬಂದೂಕು ದೊರೆಯಿತು, ಮತ ದೊರೆಯಲಿಲ್ಲ. ಅವನ ಪರವಾಗಿ ಯಾರಾದರೂ ವಿಚಾರಿಸಬೇಕಾಗಿದ್ದರೆ ಪಾರ್ಲಿಮೆಂಟೇ ವಿಚಾರಿಸಬೇಕಾಗಿತ್ತು. ಅದನ್ನೋ ಯಾರೂ ಕೇಳಿರಲಿಲ್ಲ.

ಕೌಲು ನಮ್ಮನ್ನು ಕಟ್ಟಿಹಾಕಿತ್ತು, ಬೇರೆ ದಾರಿಯಿರಲಿಲ್ಲ ಎಂಬ ಸಮಾಧಾನವನ್ನು ಕೆಲವರು ಹೇಳುವದುಂಟು. ಅದು ನಿಲ್ಲುವ ಮಾತಲ್ಲ. ಅದೇ ಮನಿಲಾ ಕೌಲಿಗೆ ಸಹಿ ಮಾಡಿದ ಬ್ರಿಟನ್ನಾಗಲಿ ಫ್ರಾನ್ಸಾಗಲಿ ಪಾಕಿಸ್ತಾನವಾಗಲಿ ಒಂದು ಪಟಾಲಮನ್ನೂ ವಿಯೆಟ್ನಾಮಿಗೆ ಕಳಿಸಲಿಲ್ಲ. ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರು ಅಮೇರಿಕೆಯನ್ನು ಬಾಯಿಂದ ಬೆಂಬಲಿಸಿದರೂ, ತಮ್ಮ ಪಕ್ಷದ ಸದಸ್ಯರು ಕಾಮನ್ಸ್ ಸಭೆಯಲ್ಲಿ ಮೇಲಿಂದ ಮೇಲೆ ಪ್ರಶ್ನಿಸುತ್ತಿದ್ದುದರಿಂದ ಎಚ್ಚರದಿಂದಿರಬೇಕಾಯಿತು. 1966ರ ಜೂನಿನಲ್ಲಿ ಹನೋಯಿ, ಹೈಫಾಂಗುಗಳ ಎಣ್ಣೆಯ ಉಗ್ರಾಣಗಳ ಮೇಲೆ ಬಾಂಬು ಬಿದ್ದಾಗ ಆ ಕೃತ್ಯದಿಂದ ತಾವು ದೂರವೆಂದು ಸಭೆಯಲ್ಲಿ ಹೇಳಿದರು. ಕೌಲು ಎಲ್ಲರಿಗೂ ಒಂದೇ ಆಗಿತ್ತು.

ಮುಖ್ಯ ಮಿತ್ರನ ಮನೆಯಲ್ಲಿಯಾದರೂ ವಿಚಾರಣೆ ಸರಿಯಾಗಿ ನಡೆಯಿತೇ? 1964ರ ಆಗಸ್ಟ್ 7ರಂದು ಅಮೇರಿಕೆಯ ಕಾಂಗ್ರೆಸ್ಸು ಟೊಂಕಿನ್ ಕೊಲ್ಲಿಯ ಠರಾವನ್ನು ಒಪ್ಪಿತು. ಕೆಳಮನೆಯಲ್ಲಿ 416 ಮತ ಪರವಾಗಿ, ವಿರುದ್ಧ ಒಂದೂ ಇಲ್ಲ. ಸೆನೆಟ್ಟಿನಲ್ಲಿ 88ಕ್ಕೆ ಇಬ್ಬರು, ವೇನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಮನಿಲಾ ಕೌಲಿನ ಹೆಸರನ್ನು ಠರಾವಿನಲ್ಲಿ ಎತ್ತಿದ್ದರು. ಆಗಸ್ಟ್ 4ರ ರಾತ್ರಿ ತಮ್ಮ ಹಡಗುಗಳ ಮೇಲೆ ಎರಡನೆಯ ಸಲ ದಾಳಿಯಾಯಿತೆಂಬ ಸುದ್ದಿಯ ಬಿಸಿಯಲ್ಲಿ ಸದಸ್ಯರು ಕೈಯೆತ್ತಿದರು; ಆ ಎರಡನೆಯ ದಾಳಿ ನಡೆದೇ ಇರಲಿಲ್ಲವೆಂದು ಆಮೇಲೆ ಸಿದ್ಧವಾಯಿತು. ಆ ಠರಾವನ್ನು ಸೆನೆಟ್ಟಿನಲ್ಲಿ ನಡೆಸಿಕೊಟ್ಟ ವಿಲಿಯಂ ಫುಲ್‌ಬ್ರೈಟ್ ಅವರೇ 1966ರ ಫೆಬ್ರುವರಿಯಲ್ಲಿ ವಿದೇಶಾಂಗ ಸಮಿತಿಯ ಬಹಿರಂಗ ವಿಚಾರಣೆಯನ್ನು ನಡೆಸಿ ಮಂತ್ರಿಗಳನ್ನೂ ಸೇನಾಪತಿಗಳನ್ನೂ ಸವಾಲಿಗೆ ಕರೆದರು. ತಡವಾಯಿತು, ಆದರೂ ವ್ಯರ್ಥವಾಗಲಿಲ್ಲ. ಏಳು ವರ್ಷಗಳ ಮೇಲೆ, 1973ರ ನವೆಂಬರಿನಲ್ಲಿ, ಅಧ್ಯಕ್ಷ ನಿಕ್ಸನ್ ಅವರ ನಿಷೇಧವನ್ನು ಮೀರಿ ಕಾಂಗ್ರೆಸ್ಸು ಯುದ್ಧಾಧಿಕಾರದ ಠರಾವನ್ನು ಕಾಯದೆಯಾಗಿಸಿತು. ಅದರ 8ನೆಯ ಕಲಮಿನಲ್ಲಿ ಒಂದು ವಿಧಿ ಇದೆ: ಕಾಯದೆಯೊಂದು ಸ್ಪಷ್ಟವಾಗಿ ಅಧಿಕಾರವೀಯದ ಹೊರತು, ಯಾವ ಕೌಲಿನಿಂದಲೂ ದಂಡನ್ನು ಕಾಳಗಕ್ಕೆ ಇಳಿಸುವ ಅಧಿಕಾರವನ್ನು ಊಹಿಸಿಕೊಳ್ಳಕೂಡದು. ಅಧ್ಯಕ್ಷರು ಈ ಕಾಯದೆಯನ್ನು ಎಷ್ಟು ಸಲ ಪಕ್ಕಕ್ಕೆ ಸರಿಸಿದ್ದಾರೆಂಬದು ಬೇರೆ ಮಾತು.

ಯುದ್ಧವೆಂದರೆ ಗುಟ್ಟು ಬೇಕು, ತ್ವರೆ ಬೇಕು. ಐನೂರು ಜನ ಕೂತು ಮಾತನಾಡುತ್ತಿದ್ದರೆ ಶತ್ರು ಬಾಗಿಲಿಗೆ ಬಂದಿರುತ್ತಾನೆ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಸ್ವಂತ ಗಡಿಯ ಮೇಲೆ ಗುಂಡು ಬಿದ್ದಾಗ ಅದು ಒಪ್ಪತಕ್ಕ ಮಾತೇ. ದೂರದ ಮಿತ್ರನ ಯುದ್ಧದಲ್ಲಿ ಅದು ಹೆಚ್ಚಾಗಿ ನೆವ. ಏಪ್ರಿಲ್ 7ರಿಂದ 29ರ ವರೆಗೆ 22 ದಿವಸಗಳಿದ್ದವು. 1939ರಲ್ಲಿ ಇದಕ್ಕಿಂತ ದೊಡ್ಡ ಯುದ್ಧಕ್ಕೂ ಜನ ಕೂತು ಮಾತನಾಡಲು ಹೊತ್ತು ಸಿಕ್ಕಿತು. ಆ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಕೆನಡಾದ ಪ್ರಧಾನಿ ಮೆಕೆಂಝಿ ಕಿಂಗ್ ಅವರು ಪಾರ್ಲಿಮೆಂಟನ್ನು ಕರೆಸಿ, ಚರ್ಚಿಸಿ, ಸೆಪ್ಟೆಂಬರ್ 10ರಂದು ಬೇರೆಯಾಗಿ ಸಾರಿದರು. ದಕ್ಷಿಣ ಆಫ್ರಿಕೆಯ ಸಭೆಯು (ಅದು ಬಿಳಿಯರ ಸಭೆಯೆಂಬದನ್ನು ಮರೆಯಲಾಗದು) ಸೆಪ್ಟೆಂಬರ್ 4ರಂದು 80ಕ್ಕೆ 67 ಮತಗಳಿಂದ ತಟಸ್ಥನೀತಿಯನ್ನು ತಿರಸ್ಕರಿಸಿತು. ಅದರಿಂದ ಪ್ರಧಾನಿ ಹರ್ಟ್ಸಾಗ್ ಅವರೇ ಸ್ಥಾನ ಬಿಡಬೇಕಾಯಿತು. ಆದರೆ ಆಸ್ಟ್ರೇಲಿಯದಲ್ಲಿ ಅದೇ 3ನೆಯ ತಾರೀಖಿನ ರಾತ್ರಿ ಪ್ರಧಾನಿಯೊಬ್ಬರು ರೇಡಿಯೋದಲ್ಲಿ, ಬ್ರಿಟನ್ ಯುದ್ಧ ಸಾರಿದೆ, ಆದಕಾರಣ ಆಸ್ಟ್ರೇಲಿಯವೂ ಯುದ್ಧದಲ್ಲಿದೆ ಎಂದರು. ಆ ಪ್ರಧಾನಿಯೂ ರಾಬರ್ಟ್ ಮೆಂಜಿಸ್ ಅವರೇ!

ಅದೇ ದಿವಸ ದಿಲ್ಲಿಯಲ್ಲಿ ಏನಾಯಿತೆಂಬದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವೈಸರಾಯ್ ಲಿನ್‌ಲಿತ್‌ಗೋ ಅವರು ಕೇಂದ್ರ ಶಾಸನಸಭೆಯನ್ನಾಗಲಿ ಪ್ರಾಂತಗಳ ಮಂತ್ರಿಮಂಡಲಗಳನ್ನಾಗಲಿ ಒಂದು ಮಾತು ಕೇಳದೆ ಹಿಂದುಸ್ತಾನವನ್ನು ಯುದ್ಧಕ್ಕೆ ನೂಕಿದರು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿದ್ದವು. ಮಂಗಳೂರು, ಬಳ್ಳಾರಿಗಳು ಮದರಾಸಿನಲ್ಲಿ. ಎರಡೂ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯಿತ್ತವು. ಮೈಸೂರಿನವರಿಗೆ ಈ ಅನುಭವ ಇನ್ನೂ ಹಳೆಯದು. 1799ರ ಜುಲೈ 8ರ ಶ್ರೀರಂಗಪಟ್ಟಣದ ಕೌಲು ಕೂಡ ಹೆಸರಿಗೆ ಪರಸ್ಪರ ರಕ್ಷಣೆಯ ಕೌಲೇ. ಐದು ವರ್ಷದ ಬಾಲರಾಜನ ಹೆಸರಿನಲ್ಲಿ ಅದು ಆಯಿತು. ಕುಂಪಣಿಯ ದಂಡಿಗೆಂದು ವರ್ಷಕ್ಕೆ 7 ಲಕ್ಷ ವರಹ ಕೊಡತಕ್ಕದ್ದೆಂದಾಯಿತು. ಆ ದಂಡು ಎಲ್ಲಿ, ಯಾರ ಮೇಲೆ ಹೋಗಬೇಕೆಂಬದನ್ನು ಮೈಸೂರು ಹೇಳುವಂತಿರಲಿಲ್ಲ. 1881ರಿಂದ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯೊಂದು ಕೂಡುತ್ತಿತ್ತು. ಆದರೆ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೈನಿನ ಹೈಫಾ ಪಟ್ಟಣದ ಮೇಲೆ ಏರಿಹೋದ ಮೈಸೂರು ಲ್ಯಾನ್ಸರ್ಸ್ ರಾವುತರ ಶೌರ್ಯವನ್ನು ಲೋಕ ಕೊಂಡಾಡಿದ ಕಾಲದಲ್ಲಿಯೂ, ತುರ್ಕರ ಮೇಲೆ ಮೈಸೂರಿಗೆ ಯಾವ ದ್ವೇಷವಿತ್ತೆಂದು ಕೇಳುವ ಅಧಿಕಾರ ಆ ಸಭೆಗಿರಲಿಲ್ಲ.

ಇನ್ನು, ಸಭೆ ಬೇಡವೆಂದರೆ ಮೈತ್ರಿ ಮುರಿಯುತ್ತದೆಂಬ ಭಯ. ಇದಕ್ಕೆ ಅದೇ ತುರ್ಕರ ದೇಶವೇ ಉತ್ತರ. 1952ರಿಂದ ಅಟ್ಲಾಂಟಿಕ್ ಕೂಟದ ಸದಸ್ಯವಾದ ತುರ್ಕಸ್ಥಾನದ ನೆಲದಿಂದ ಇರಾಕಿನ ಉತ್ತರದ ಮೇಲೆ ಹೋಗಬೇಕೆಂದು 2003ರಲ್ಲಿ ಅಮೇರಿಕೆ ಕೇಳಿತು. ಸರಕಾರಕ್ಕೆ ಮನಸ್ಸಿತ್ತು, ಹಣದ ಸಹಾಯದ ಮಾತೂ ನಡೆದಿತ್ತು, ಹಡಗುಗಳು ಸಮುದ್ರದಲ್ಲಿ ಕಾಯುತ್ತಿದ್ದವು. ಆದರೆ ಪರದೇಶದ ದಂಡು ತಮ್ಮ ನೆಲದಲ್ಲಿ ಇಳಿಯಬೇಕಾದರೆ ಪಾರ್ಲಿಮೆಂಟಿನ ಅನುಮತಿ ಬೇಕೆಂದು ಅವರ ರಾಜ್ಯಘಟನೆಯ 92ನೆಯ ಕಲಮು ಹೇಳುತ್ತದೆ. ಮಾರ್ಚ್ 1ರಂದು ಮತ ಎಣಿಸಿದರು: ಪರವಾಗಿ 264, ವಿರುದ್ಧ 250, ತಟಸ್ಥರು 19. ಹೌದೆಂದವರೇ ಹೆಚ್ಚು, ಆದರೂ ಕೂಡಿದ್ದ 533 ಜನರಲ್ಲಿ ಅರ್ಧಕ್ಕೆ ಮೇಲಾಗಲು 267 ಬೇಕಾಗಿತ್ತು. ಮೂರು ಮತಗಳ ಕೊರತೆಯಿಂದ ಠರಾವು ಬಿತ್ತು. 62 ಸಾವಿರದಷ್ಟು ಪರದೇಶದ ಸಿಪಾಯಿಗಳಿಗೆ ಬಾಗಿಲು ಮುಚ್ಚಿತು. ವಾಶಿಂಗ್ಟನ್ನಿನಲ್ಲಿ ಕೋಪವೇನೋ ಬಂತು. ಆದರೆ ತುರ್ಕಸ್ಥಾನ ಕೂಟದಿಂದ ಹೊರಬೀಳಲಿಲ್ಲ. ಮೂರು ವಾರ ಕಳೆಯುವದರೊಳಗೆ ವಿಮಾನಗಳು ಆಕಾಶದಲ್ಲಿ ಹಾದುಹೋಗಲು ಮಾತ್ರ ಅದೇ ಸಭೆ ಒಪ್ಪಿಗೆ ಕೊಟ್ಟಿತು. ಇಷ್ಟಕ್ಕೆ ಹೌದು, ಅಷ್ಟಕ್ಕೆ ಇಲ್ಲ ಎಂದು ಹೇಳಬಲ್ಲ ಮಿತ್ರನೇ ಮಿತ್ರ. ಉಳಿದವನನ್ನು ನಮ್ಮಲ್ಲಿ ಬಂಟನೆನ್ನುತ್ತಾರೆ.

ಮತ ತೆಗೆದುಕೊಂಡ ಮಾತ್ರಕ್ಕೆ ಎಲ್ಲವೂ ಸರಿಹೋಗುವದೆಂದು ನಾವು ಹೇಳುವದಿಲ್ಲ. ಅದೇ 2003ರ ಮಾರ್ಚ್ 18ರಂದು ಬ್ರಿಟನ್ನಿನ ಕಾಮನ್ಸ್ ಸಭೆಯು ಇರಾಕ್ ಯುದ್ಧಕ್ಕೆ 412ಕ್ಕೆ 149ರಂತೆ ಒಪ್ಪಿಗೆಯಿತ್ತಿತು. ಆಗ ಅವರ ದಂಡು ಗಡಿಯ ಮೇಲೆ ನಿಂತಾಗಿತ್ತು. ಪ್ರಧಾನಿ ಬ್ಲೇರ್ ಅವರು ಅಮೇರಿಕೆಯ ಅಧ್ಯಕ್ಷರಿಗೆ ತಮ್ಮ ಜತೆಯನ್ನು ಹಿಂದಿನ ಜುಲೈಯಲ್ಲಿಯೇ ಬರೆದುಕೊಟ್ಟಿದ್ದರೆಂಬದು 2016ರ ಚಿಲ್ಕಾಟ್ ವರದಿಯಿಂದ ಜಗತ್ತಿಗೆ ತಿಳಿಯಿತು. ದಂಡನ್ನು ರಣಭೂಮಿಯ ಅಂಚಿಗೆ ನಿಲ್ಲಿಸಿ ಸದಸ್ಯರ ಮುಖ ನೋಡಿದರೆ ಬೇಡವೆನ್ನುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ಜರ್ಮನಿಯಲ್ಲಿ ಇನ್ನೊಂದು ಬಗೆ. ಅಲ್ಲಿಯ ಘಟನಾ ನ್ಯಾಯಾಲಯವು 1994ರ ಜುಲೈ 12ರ ತೀರ್ಪಿನಲ್ಲಿ ಪರದೇಶಕ್ಕೆ ದಂಡು ಹೋಗಬೇಕಾದರೆ ಪಾರ್ಲಿಮೆಂಟಿನ ಸಮ್ಮತಿ ಬೇಕೇ ಬೇಕೆಂದಿತು. 2001ರ ಸೆಪ್ಟೆಂಬರಿನಲ್ಲಿ ಅಮೇರಿಕೆಯ ಮೇಲಿನ ದಾಳಿಯ ತರುವಾಯ ಅಟ್ಲಾಂಟಿಕ್ ಕೂಟವು ತನ್ನ 5ನೆಯ ಕಲಮನ್ನು ಮೊದಲನೆಯ ಸಲ ಎತ್ತಿದಾಗ, ಪ್ರಧಾನಿ ಶ್ರೋಡರ್ ಅವರು ಆ ಯುದ್ಧಕ್ಕೆ ದಂಡು ಕಳಿಸುವ ಪ್ರಶ್ನೆಯನ್ನು ತಮ್ಮ ಸರಕಾರದ ಮೇಲಿನ ವಿಶ್ವಾಸದ ಪ್ರಶ್ನೆಗೆ ಗಂಟುಹಾಕಿದರು. ನವೆಂಬರ್ 16ರಂದು 336 ಮತ ಬಂದವು, ಬೇಕಾದುದು 334. ಯುದ್ಧ ಬೇಡವೆಂದವರೂ ಸರಕಾರ ಉಳಿಯಲೆಂದು ಕೈಯೆತ್ತಬೇಕಾಯಿತು. ಇಂಥ ಹೂಟಗಳಿರುವದು ನಿಜ. ಆದರೂ ಮತ ಕೊಟ್ಟವರ ಹೆಸರು ಪಟ್ಟಿಯಲ್ಲಿ ನಿಂತಿರುತ್ತದೆ, ಮಂತ್ರಿ ಹೇಳಿದ ಕಾರಣ ದಾಖಲೆಯಲ್ಲಿರುತ್ತದೆ. ಮುಂದೆ ಸುಳ್ಳಾದರೆ ಹಿಡಿದು ಕೇಳಲು ಸೆರಗಾದರೂ ಸಿಗುತ್ತದೆ. ಹತ್ತು ವರ್ಷಗಳ ಮೇಲೆ, 2013ರ ಆಗಸ್ಟ್ 29ರಂದು, ಸಿರಿಯದ ಮೇಲೆ ಅಮೇರಿಕೆಯ ಜತೆಗೂಡಿ ಹೋಗುವ ಸೂಚನೆಯನ್ನು ಕಾಮನ್ಸ್ ಸಭೆಯು 285ಕ್ಕೆ 272ರಂತೆ ತಳ್ಳಿಹಾಕಿತು. ಇರಾಕಿನ ನೆನಪಿಲ್ಲದಿದ್ದರೆ ಆ 285 ಮತಗಳು ಬರುತ್ತಿರಲಿಲ್ಲವೆಂದು ನಮ್ಮ ಎಣಿಕೆ. ಆಸ್ಟ್ರೇಲಿಯವೊಂದು ಮಾತ್ರ ತನ್ನ ಹಳೆಯ ದಾರಿಯನ್ನೇ ಹಿಡಿದಿದೆ: 2023ರಲ್ಲಿ ಅದರ ಪಾರ್ಲಿಮೆಂಟಿನ ಸಮಿತಿಯೇ ವಿಚಾರಿಸಿ, ಚರ್ಚೆ ಬೇಕು, ನಿರ್ಣಯ ಮಾತ್ರ ಮಂತ್ರಿಮಂಡಲದ ಕೈಯಲ್ಲಿರಲಿ ಎಂದು ವರದಿಯಿತ್ತಿತು.

ಎಲ್ಲರ ಮನೆಯ ದೋಸೆಯೂ ತೂತೇ. ನಮ್ಮ ಭಾರತವು ಸೈನಿಕ ಕೂಟಗಳಿಂದ ದೂರ ನಿಂತಿದೆ, ಅದು ನಮಗೆ ಮೆಚ್ಚುಗೆಯ ಸಂಗತಿ. ಆದರೆ 1971ರ ಆಗಸ್ಟ್ 9ರಂದು ರಶಿಯದೊಡನೆ ಆದ ಕೌಲಿನ 9ನೆಯ ಕಲಮಿನಂತೆ, ಒಬ್ಬರ ಮೇಲೆ ದಾಳಿಯಾದರೆ ಇಬ್ಬರೂ ಕೂಡಲೇ ಸಮಾಲೋಚಿಸತಕ್ಕದ್ದಾಗಿತ್ತು. ಆ ಕೌಲಿಗೆ ಸಹಿಯಾಗುವ ಮುಂಚೆ ಪಾರ್ಲಿಮೆಂಟನ್ನು ಕೇಳಿರಲಿಲ್ಲ. 1987ರ ಜುಲೈ 29ರಂದು ಕೊಲಂಬೋದಲ್ಲಿ ಸಹಿಯಾದ ಒಪ್ಪಂದದ ಮೇಲೆ ಮರುದಿವಸವೇ ನಮ್ಮ ದಂಡು ಲಂಕೆಯಲ್ಲಿ ಇಳಿಯಿತು. ಆಗ ನಾವೇ ಆಮಂತ್ರಿತ ಮಿತ್ರರು. ಪಾರ್ಲಿಮೆಂಟಿನ ಪೂರ್ವಾನುಮತಿ ಅದಕ್ಕೂ ಇರಲಿಲ್ಲ. ಮೂರು ವರ್ಷ ತುಂಬುವದರೊಳಗೆ ಸಾವಿರಕ್ಕೂ ಹೆಚ್ಚು ಜವಾನರನ್ನು ಕಳಕೊಂಡು ದಂಡು ಮರಳಿತು.

ಕನ್ನಡ ನಾಡನ್ನು ಒಂದುಗೂಡಿಸುವ ಹೋರಾಟದಲ್ಲಿ ಬೆಳೆದ ಪಕ್ಷದವರಾದ ನಮಗೆ ಇಲ್ಲಿ ಒಂದು ವೈಚಿತ್ರ್ಯ ಕಾಣುತ್ತದೆ. ನಮ್ಮ ರಾಜ್ಯಘಟನೆಯ 3ನೆಯ ಕಲಮಿನಂತೆ ಒಂದು ತಾಲೂಕನ್ನು ಒಂದು ರಾಜ್ಯದಿಂದ ತೆಗೆದು ಇನ್ನೊಂದಕ್ಕೆ ಸೇರಿಸಬೇಕಾದರೆ ಪಾರ್ಲಿಮೆಂಟು ಕಾಯದೆ ಮಾಡಬೇಕು. ಅದಕ್ಕೂ ಮೊದಲು ಆ ರಾಜ್ಯದ ಶಾಸನಸಭೆಯ ಅಭಿಪ್ರಾಯವನ್ನು ಕೇಳಬೇಕು. 1956ರಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳಲ್ಲಿ ಚೆದರಿದ ನಮ್ಮ ಜನ ಒಂದಾದದ್ದು ಆ ಬಗೆಯ ಚರ್ಚೆಯ ದಾರಿಯಿಂದಲೇ. ಅದು ನಿಧಾನವೆಂದು ನಾವು ಎಷ್ಟೋ ಸಲ ಸಿಡಿಮಿಡಿಗೊಂಡಿದ್ದುಂಟು. ಆದರೆ ಅದು ನ್ಯಾಯದ ದಾರಿ. ಒಂದು ತಾಲೂಕಿನ ಗಡಿಕಲ್ಲನ್ನು ಸರಿಸಲು ಇಷ್ಟು ವಿಚಾರಣೆ ಬೇಕಾದರೆ, ಆ ತಾಲೂಕಿನ ಮಗನೊಬ್ಬನನ್ನು ಸಮುದ್ರದಾಚೆ ಪರರ ಜಗಳಕ್ಕೆ ಕಳಿಸಲು ಒಂದು ಸಹಿ ಸಾಕೇ?

ಇದಕ್ಕೆ ಹೊಸ ಘಟನೆ ಬೇಕಾಗಿಲ್ಲ. ಕೌಲುಗಳನ್ನು ಮಾಡುವ, ಜಾರಿಗೆ ತರುವ ವಿಷಯ ಒಕ್ಕೂಟದ ಪಟ್ಟಿಯ 14ನೆಯ ಅಂಕಿಯಲ್ಲಿದೆ. ಅದರ ಮೇಲೆ ಕಾಯದೆ ಮಾಡಲು ಪಾರ್ಲಿಮೆಂಟಿಗೆ ಅಧಿಕಾರವಿದೆ, ಮಾಡಿಲ್ಲ ಅಷ್ಟೇ. ರಾಜ್ಯಘಟನೆಯ ಕಾರ್ಯವನ್ನು ಪರಿಶೀಲಿಸಲು ನೇಮಿಸಿದ ರಾಷ್ಟ್ರೀಯ ಆಯೋಗವು 2002ರ ವರದಿಯಲ್ಲಿ ಇಂಥದೊಂದು ಕಾಯದೆಯಾಗಬೇಕೆಂದು ಸೂಚಿಸಿತು. ಅದರ ಅಧ್ಯಕ್ಷರು ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. ಕರ್ನಾಟಕದಿಂದ ಲೋಕಸಭೆಯಲ್ಲಿ 28 ಜನ, ರಾಜ್ಯಸಭೆಯಲ್ಲಿ 12 ಜನ ಸದಸ್ಯರಿದ್ದಾರೆ. ದಂಡನ್ನು ಹೊರಗೆ ಕಳಿಸುವ ಹೊಣೆ ಹೊರಿಸುವ ಪ್ರತಿಯೊಂದು ಕೌಲಿನ ಪೂರ್ತಿ ಪಾಠವನ್ನೂ ಅದರೊಡನಿರುವ ಪತ್ರಗಳನ್ನೂ ಜಾರಿಗೆ ಮುಂಚೆ ಎರಡೂ ಸಭೆಗಳ ಮುಂದಿಡಬೇಕು, ಒಪ್ಪಿಗೆಯ ಮತವನ್ನು ವಿಶ್ವಾಸದ ಮತಕ್ಕೆ ಗಂಟುಹಾಕಕೂಡದು, ಗುಟ್ಟಿನ ಸಂಗತಿಗಳಿಗೆ ಮುಚ್ಚಿದ ಬಾಗಿಲಿನ ಸಮಿತಿಯೊಂದಿರಬೇಕು ಎಂಬ ಮಸೂದೆಯನ್ನು ಅವರಲ್ಲಿ ಯಾರಾದರೊಬ್ಬರು ಖಾಸಗಿ ಸದಸ್ಯರಾಗಿ ಬರುವ ಅಧಿವೇಶನದಲ್ಲಿಯೇ ತರಬಹುದು. ಯಾರು ತರುವರೆಂದು ತಮ್ಮ ತಮ್ಮ ಮತಕ್ಷೇತ್ರದ ಸದಸ್ಯರಿಗೆ ಒಂದು ಕಾಗದ ಬರೆದು ಕೇಳಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ.